ಎಡ ಅಂಚಿನ ಮೂರು ಅಡಿ

ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ, ವಾಹನಗಳ ಭರಾಟೆ ಶುರುವಾಗುವ ಮೊದಲು, ಪಕ್ಕದ ಮನೆಯ ಬಡಗಿಯಿಂದ ಕೇಳಿ ತಂದ ಅಳತೆ ಟೇಪು ಹಿಡಿದು ಮೈಸೂರಿನ ಹುಣಸೂರು ರಸ್ತೆಯ ಎಡ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಬಿಳಿ ಗೆರೆಯಿಂದ ಚರಂಡಿಯ ಕಲ್ಲಿನವರೆಗೆ ಮೂರು ಅಡಿ ಎರಡು ಅಂಗುಲ ಬಂತು. ಅದರಲ್ಲಿ ಒಂದು ಅಡಿಯಷ್ಟು ಜಾಗದಲ್ಲಿ ಮರಳು, ಒಡೆದ ಗಾಜು. ನಡುವೆ ಡಾಂಬರಿಗಿಂತ ನಾಲ್ಕು ಬೆರಳು ತಗ್ಗಾಗಿರುವ ಮ್ಯಾನ್‌ಹೋಲ್ ಮುಚ್ಚಳ. ಇಪ್ಪತ್ತು ಹೆಜ್ಜೆ ಮುಂದೆ ಹೋದರೆ ಆ ಅಂಚೂ ಇಲ್ಲ, ಅದರ ಮೇಲೆ ಕಾರು ನಿಂತಿದೆ.

ನನ್ನ ಸೈಕಲ್‌ನ ಹ್ಯಾಂಡಲ್ ಎರಡು ಅಡಿ ಅಗಲ. ತುಳಿಯುವಾಗ ಸೈಕಲ್ ಗೆರೆ ಎಳೆದಂತೆ ನೇರವಾಗಿ ಹೋಗುವುದಿಲ್ಲ. ಆ ಕಡೆ ಅರ್ಧ ಅಡಿ, ಈ ಕಡೆ ಅರ್ಧ ಅಡಿ ತೂಗುತ್ತದೆ. ಏರು ಬಂದರೆ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ಒಬ್ಬ ಮನುಷ್ಯ ಯಾರಿಗೂ ತಾಗದೆ ಸೈಕಲ್ ಮೇಲೆ ಹೋಗಲು ಬೇಕಾದದ್ದು ಶುದ್ಧವಾದ, ಮಟ್ಟಸವಾದ, ತಡೆಯಿಲ್ಲದ ಮೂರು ಅಡಿ. ಮೈಸೂರು ಮತ್ತು ಮಂಡ್ಯದ ರಸ್ತೆಗಳಲ್ಲಿ ಸೈಕಲ್ ಸವಾರರಿಗೂ ವಾಹನ ಚಾಲಕರಿಗೂ ನಡೆಯುತ್ತಿರುವ ತಿಕ್ಕಾಟದ ಬೇರು ಈ ಮೂರು ಅಡಿಯಲ್ಲಿದೆ ಎಂಬುದು ಹನ್ನೆರಡು ವರ್ಷ ಕಾರನ್ನೂ ಸೈಕಲನ್ನೂ ಓಡಿಸಿದ ಮೇಲೆ ನಾನು ತಲುಪಿರುವ ತೀರ್ಮಾನ. ಎರಡೂ ಕಡೆಯವರ ನಡತೆಯ ಬಗ್ಗೆ ಹೇಳುವುದು ಬೇಕಾದಷ್ಟಿದೆ, ಹೇಳುತ್ತೇನೆ. ಆದರೆ ಅಂಚು ಇಲ್ಲದ ರಸ್ತೆಯಲ್ಲಿ ನಡತೆಯೊಂದರಿಂದಲೇ ಯಾರ ಪ್ರಾಣವೂ ಉಳಿಯುವುದಿಲ್ಲ.

ಚಾಲಕನ ಕಣ್ಣಿನಿಂದ ನೋಡಿ. ಮುಂದೆ ಸೈಕಲ್ ಎಡ ಅಂಚಿನಲ್ಲಿ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಬಲಕ್ಕೆ ಬರುತ್ತದೆ. ಬ್ರೇಕ್ ತುಳಿದ ಚಾಲಕ ಗಾಜು ಇಳಿಸಿ, ‘ಯಜಮಾನರೇ, ಹಿಂದೆ ನೋಡಿಕೊಂಡು ಬರಬಾರದೇ?’ ಎಂದು ಗದರುತ್ತಾನೆ. ಅವನಿಗೆ ಕಂಡದ್ದು ಸೈಕಲ್ ಅಡ್ಡ ಬಂದದ್ದು ಮಾತ್ರ. ಸವಾರನಿಗೆ ಕಂಡದ್ದು ಆ ತಗ್ಗಾದ ಮುಚ್ಚಳ, ಇಲ್ಲವೇ ನಿಂತ ಆಟೊ, ಇಲ್ಲವೇ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುತ್ತಿರುವ ಬೈಕ್. ಕಾರಿನ ಚಕ್ರ ಗಮನಿಸದೆ ದಾಟಿಬಿಡುವ ಗುಂಡಿ ಸೈಕಲ್‌ನ ತೆಳುವಾದ ಚಕ್ರವನ್ನು ಹಿಡಿದು ಕೆಡವುತ್ತದೆ. ಆದ್ದರಿಂದ ಸವಾರ ಬಲಕ್ಕೆ ಸರಿಯಲೇಬೇಕು. ಸೈಕಲ್‌ಗೆ ಕನ್ನಡಿಯಿಲ್ಲ. ಹಿಂದೆ ನೋಡಬೇಕೆಂದರೆ ಬಲ ಭುಜದ ಮೇಲಿಂದ ತಲೆ ತಿರುಗಿಸಬೇಕು. ತಲೆ ತಿರುಗಿದ ಕಡೆಗೆ ಹ್ಯಾಂಡಲ್ ಕೂಡ ಒಂದಿಷ್ಟು ವಾಲುತ್ತದೆ. ಹಿಂದಿನಿಂದ ಜೋರಾಗಿ ಹಾರ್ನ್ ಬಾರಿಸಿದಾಗ ಹೆದರಿ ತಿರುಗಿದ ವಯಸ್ಸಾದ ಸವಾರ ಎಡಕ್ಕೆ ಸರಿಯುವ ಬದಲು ಬಲಕ್ಕೇ ಬರುವುದು ಈ ಕಾರಣದಿಂದ. ದೂರದಿಂದಲೇ ಒಮ್ಮೆ ಮೆಲ್ಲಗೆ ಹಾರ್ನ್ ಮಾಡುವುದಕ್ಕೂ ಬೆನ್ನ ಹಿಂದೆ ಬಂದು ಬಾರಿಸುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಸೈಕಲ್ ಮೇಲೆ ಕುಳಿತ ಮೇಲಷ್ಟೇ ನನಗೂ ಗೊತ್ತಾಯಿತು.

ಜೊತೆಗೆ ವೇಗದ ಲೆಕ್ಕವೊಂದಿದೆ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಒಂದು ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತದೆ. 60 ಕಿ.ಮೀ. ವೇಗದ ಕಾರು ಅದೇ ಸೆಕೆಂಡಿನಲ್ಲಿ 17 ಮೀಟರ್ ದಾಟುತ್ತದೆ. ಚಾಲಕ ಅಪಾಯ ಕಂಡು ಬ್ರೇಕ್‌ಗೆ ಕಾಲು ತರಲು ತೆಗೆದುಕೊಳ್ಳುವ ಒಂದು ಸೆಕೆಂಡಿನಲ್ಲಿಯೇ ಕಾರು ಒಂದೂವರೆ ಬಸ್ಸಿನಷ್ಟು ದೂರ ಹೋಗಿಬಿಟ್ಟಿರುತ್ತದೆ. ವೇಗ 30ರಿಂದ 60ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಹಳೆಯ ಮೊಹಲ್ಲಾಗಳ ಕಿರಿದಾದ ಬೀದಿಗಳಲ್ಲಿ, ದೇವರಾಜ ಮಾರುಕಟ್ಟೆಯ ಸುತ್ತ, ಕಾರೂ ಸೈಕಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತೆವಳುತ್ತವೆ; ಅಲ್ಲಿ ಬೈಗುಳ ಹೆಚ್ಚು, ಸಾವು ಕಡಿಮೆ. ಹೊರ ವರ್ತುಲ ರಸ್ತೆಯಲ್ಲಿ ಬೈಯುವಷ್ಟು ಹೊತ್ತೇ ಇರುವುದಿಲ್ಲ.

ಇನ್ನು ನಾವು ಜಗಳ ಎಂದು ಯಾವುದನ್ನು ಕರೆಯುತ್ತೇವೆ ಎಂದು ನೋಡಬೇಕು. ಚಾಮುಂಡಿ ಬೆಟ್ಟದ ರಸ್ತೆ, ಲಲಿತಾದ್ರಿಪುರ, ಕೆಆರ್‌ಎಸ್ ರಸ್ತೆಗಳಲ್ಲಿ ಬೆಳಗಿನ ಹೊತ್ತು ಹೆಲ್ಮೆಟ್ ಧರಿಸಿ, ಗೇರ್ ಸೈಕಲ್ ಮೇಲೆ ಬರುವ ಹವ್ಯಾಸಿಗಳಿಗೂ ಕಾರಿನವರಿಗೂ ನಡೆಯುವ ವಾಗ್ವಾದವೇ ಹೆಚ್ಚಾಗಿ ಸುದ್ದಿಯಾಗುವುದು. ‘ಇವರು ರಸ್ತೆಗೆ ತೆರಿಗೆ ಕಟ್ಟುತ್ತಾರೆಯೇ?’ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಈ ಪ್ರಶ್ನೆಗೆ ಉತ್ತರ ಸುಲಭ: ನಗರದ ರಸ್ತೆಗಳು ವಾಹನ ತೆರಿಗೆಯೊಂದರಿಂದಲೇ ಆಗುವುದಿಲ್ಲ, ಸೋಪು ಕೊಳ್ಳುವವರಿಂದ ಹಿಡಿದು ಮನೆ ಕಂದಾಯ ಕಟ್ಟುವವರ ತನಕ ಎಲ್ಲರ ಹಣವೂ ಅದರಲ್ಲಿದೆ. ರಸ್ತೆಯನ್ನು ಸವೆಸುವುದರಲ್ಲಿ ಸೈಕಲ್‌ನ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಹವ್ಯಾಸಿಗಳ ಗುಂಪು ಬೆಟ್ಟದ ತಿರುವಿನಲ್ಲಿ ಮೂವರು ಸಾಲಾಗಿ ಮಾತಾಡುತ್ತ ಹೋಗುವುದು ತಪ್ಪು, ಅದನ್ನೂ ಮುಚ್ಚಿಡಬೇಕಾಗಿಲ್ಲ. ಮುಂದಿನ ತಿರುವು ಕಾಣದ ಕಡೆ ಒಬ್ಬರ ಹಿಂದೊಬ್ಬರು ಹೋಗಲೇಬೇಕು.

ಆದರೆ ನಮ್ಮ ಊರಿನ ಹೆಚ್ಚಿನ ಸೈಕಲ್ ಸವಾರರು ಇವರಲ್ಲ. ಹೂಟಗಳ್ಳಿ, ಹೆಬ್ಬಾಳು, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ರಾತ್ರಿ ಪಾಳಿ ಮುಗಿಸುವ ಕಾವಲುಗಾರರು, ಹ್ಯಾಂಡಲ್‌ಗೆ ಊಟದ ಡಬ್ಬಿ ತೂಗುಹಾಕಿಕೊಂಡು ಬರುವ ಗಾರೆ ಕೆಲಸದವರು, ಕ್ಯಾರಿಯರ್ ಮೇಲೆ ಸೊಪ್ಪಿನ ಕಂತೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುವವರು, ನಸುಕಿನಲ್ಲಿ ಪತ್ರಿಕೆ ಹಾಕುವ ಹುಡುಗರು, ಹಾಲಿನ ಕ್ಯಾನ್ ಹೊತ್ತು ಡೇರಿಗೆ ಹೋಗುವ ರೈತರು. ಇವರು ಜಗಳವಾಡುವುದಿಲ್ಲ. ಹಾರ್ನ್ ಕೇಳಿದ ಕೂಡಲೇ ಮಣ್ಣಿಗೆ ಇಳಿಯುತ್ತಾರೆ. ಹಿನಕಲ್ ಮೇಲ್ಸೇತುವೆಯ ಕೆಳಗೆ ಪ್ರತಿದಿನವೂ ಕಾಣುವ ಎಳನೀರಿನ ಹಿರಿಯರೊಬ್ಬರಿದ್ದಾರೆ. ಎರಡು ಕಡೆಯೂ ಎಳನೀರಿನ ಗೊನೆ ಕಟ್ಟಿದ ಅವರ ಸೈಕಲ್ ಒಂದು ಸಣ್ಣ ಗಾಡಿಯಷ್ಟು ಅಗಲ. ಸಿಗ್ನಲ್ ಹಸಿರಾದಾಗ ಅವರು ಸೈಕಲ್ ಏರುವುದೇ ಇಲ್ಲ. ಇಳಿದು, ಎದೆಯನ್ನು ಸೀಟಿಗೆ ಒತ್ತಿ, ತಳ್ಳಿಕೊಂಡೇ ದಾಟುತ್ತಾರೆ. ‘ಹತ್ತಿ ಹೋದರೆ ಬೇಗ ಆಗುವುದಿಲ್ಲವೇ ಅಣ್ಣ?’ ಎಂದು ಕೇಳಿದೆ. ‘ಹತ್ತಿದರೆ ನಾನು ಗಾಡಿ ಸ್ವಾಮಿ, ಗುದ್ದುತ್ತಾರೆ. ಇಳಿದರೆ ಮನುಷ್ಯ, ನಿಲ್ಲಿಸುತ್ತಾರೆ’ ಎಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಸೈಕಲ್ ಸವಾರರು. ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು. ಅವರಲ್ಲಿ ಬಹುಪಾಲು ಜನ ಎಳನೀರಿನ ಆ ಹಿರಿಯರಂಥವರೇ ಇರಬೇಕು ಎಂದು ನನ್ನ ಗಟ್ಟಿ ನಂಬಿಕೆ. ಸುದ್ದಿಯಾಗುವ ಜಗಳ ಒಬ್ಬರದು, ಸದ್ದಿಲ್ಲದ ಸಾವು ಇನ್ನೊಬ್ಬರದು.

ಚಾಲಕರ ದೂರುಗಳಲ್ಲಿ ಸತ್ಯವಿಲ್ಲವೆಂದಲ್ಲ. ದೀಪವಿಲ್ಲದ ಸೈಕಲ್ ಕತ್ತಲಲ್ಲಿ ನಿಜಕ್ಕೂ ಕಾಣುವುದಿಲ್ಲ. ಎದುರಿನ ವಾಹನದ ಹೈಬೀಮ್ ಕಣ್ಣಿಗೆ ಬಡಿದ ಮೇಲಂತೂ ಕಪ್ಪು ಅಂಗಿ ತೊಟ್ಟ ಸವಾರ ಹತ್ತು ಹೆಜ್ಜೆ ದೂರದಲ್ಲಿದ್ದರೂ ಇಲ್ಲದಂತೆಯೇ. ಹಿಂಬದಿಗೆ ಒಂದು ಕೆಂಪು ರಿಫ್ಲೆಕ್ಟರ್, ಸೆಲ್ಲಿನ ಒಂದು ಸಣ್ಣ ದೀಪ ಹಾಕಲು ಒಂದು ದಿನದ ಕೂಲಿಯೂ ಬೇಕಾಗುವುದಿಲ್ಲ. ಇದನ್ನು ಸವಾರರು ಮಾಡಲೇಬೇಕು, ಕಾರ್ಖಾನೆಗಳು ತಮ್ಮ ರಾತ್ರಿ ಪಾಳಿಯವರಿಗೆ ತಾವೇ ಕೊಡಿಸಬೇಕು.

ತಪ್ಪು ದಿಕ್ಕಿನಲ್ಲಿ ಬರುತ್ತಾರೆ ಎಂಬ ಇನ್ನೊಂದು ದೂರಿನ ಹಿಂದೆ ಮಾತ್ರ ರಸ್ತೆ ಕಟ್ಟಿದವರ ಕೈ ಇದೆ. ಸುಮಾರು 42 ಕಿ.ಮೀ. ಉದ್ದದ ನಮ್ಮ ಹೊರ ವರ್ತುಲ ರಸ್ತೆಯನ್ನೇ ನೋಡಿ. ಎದುರು ಬದಿಯ ಬಡಾವಣೆಗೆ ಹೋಗಲು ಡಿವೈಡರ್ ತೆರವು ಒಂದು ಕಿ.ಮೀ. ಮುಂದಿದ್ದರೆ, ಹೋಗಿ ತಿರುಗಿ ಬರುವುದು ಎರಡು ಕಿ.ಮೀ. ಕಾರಿಗೆ ಅದು ಎರಡು ನಿಮಿಷ. ಸೈಕಲ್‌ಗೆ ಎಂಟು ನಿಮಿಷ, ಬೆವರು ಬೇರೆ. ದಿನಕ್ಕೆರಡು ಬಾರಿ ಆ ಎಂಟು ನಿಮಿಷವನ್ನು ಯಾರೂ ಕೊಡುವುದಿಲ್ಲ. ಅಂಚಿನಲ್ಲಿ ಎದುರು ದಿಕ್ಕಿನಲ್ಲಿಯೇ ಬರುತ್ತಾರೆ. ಸಿಗ್ನಲ್ ಹಸಿರಾಗುವ ಮೊದಲೇ ಹೊರಡುವುದೂ ಹೀಗೆಯೇ. ನಿಂತ ಸೈಕಲ್‌ಗೆ ವೇಗ ಬರಲು ನಾಲ್ಕೈದು ಸೆಕೆಂಡು ಬೇಕು, ಮೊದಲ ಎರಡು ತುಳಿತದಲ್ಲಿ ಅದು ಹೆಚ್ಚು ಓಲಾಡುತ್ತದೆ. ಹಿಂದಿನ ಹತ್ತು ಬೈಕ್‌ಗಳು ನುಗ್ಗುವ ಮೊದಲು ವೃತ್ತ ದಾಟಿಬಿಡೋಣವೆಂದು ಸವಾರ ಹೊರಡುತ್ತಾನೆ. ನಾನು ಅದನ್ನು ಸರಿಯೆನ್ನುವುದಿಲ್ಲ. ಆದರೆ ನಿಲುಗಡೆ ಗೆರೆಯ ಮುಂದೆ ಸೈಕಲ್‌ಗಳಿಗೆಂದೇ ಒಂದು ಚೌಕ ಬಳಿದು, ಅವುಗಳನ್ನು ಮೊದಲು ಹೋಗಗೊಟ್ಟರೆ ಈ ತಪ್ಪಿಗೆ ಕಾರಣವೇ ಉಳಿಯುವುದಿಲ್ಲ.

ಮೈಸೂರಿಗೆ ಸೈಕಲ್ ಹೊಸದಲ್ಲ, ಸೈಕಲ್ ಯೋಜನೆಯೂ ಹೊಸದಲ್ಲ. 2017ರ ಜೂನ್ 4ರಂದು ಇಲ್ಲಿ ‘ಟ್ರಿಣ್ ಟ್ರಿಣ್’ ಶುರುವಾದಾಗ 450 ಸೈಕಲ್, 48 ನಿಲ್ದಾಣ. ಸಾರ್ವಜನಿಕ ಸೈಕಲ್ ಹಂಚಿಕೆಯಲ್ಲಿ ದೇಶಕ್ಕೇ ಮಾದರಿ ಎಂಬ ಹೆಮ್ಮೆ. ನಾನೂ ಕಾರ್ಡು ಮಾಡಿಸಿದ್ದೆ. ರೈಲು ನಿಲ್ದಾಣದಿಂದ ಅರಮನೆಯ ತನಕ ಹೋಗಿಬಂದ ಪ್ರವಾಸಿಗರ ಖುಷಿ ಕಣ್ಣಿಗೆ ಕಟ್ಟಿದಂತಿದೆ. ಆ ಯೋಜನೆ ಸೈಕಲ್ ಕೊಟ್ಟಿತು, ಸೈಕಲ್ ಓಡಿಸಲು ಜಾಗ ಕೊಡಲಿಲ್ಲ. ನಿಲ್ದಾಣದಿಂದ ಹೊರಟ ಸವಾರ ಅದೇ ಮೂರು ಅಡಿ ಅಂಚಿಗೆ, ಅದೇ ನಿಂತ ಕಾರುಗಳ ಸಾಲಿಗೆ ಬಂದು ಸೇರಬೇಕಾಗಿತ್ತು. ಹೊಸಬರು ಎರಡು ದಿನ ಓಡಿಸಿ ಬಿಟ್ಟರೆ ಅದರಲ್ಲಿ ಆಶ್ಚರ್ಯವೇನಿದೆ?

ನಿಂತ ಕಾರುಗಳ ಬಗ್ಗೆ ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ನಾಲ್ಕು ವರ್ಷದ ಹಿಂದೆ ಕಾಳಿದಾಸ ರಸ್ತೆಯಲ್ಲಿ ಸಂಜೆ ಮನೆಗೆ ಬರುತ್ತಿದ್ದೆ. ನಿಲ್ಲಿಸಿದ್ದ ಬಿಳಿ ಕಾರೊಂದರ ಚಾಲಕನ ಬಾಗಿಲು ಒಮ್ಮೆಲೇ ತೆರೆದುಕೊಂಡಿತು. ಬಾಗಿಲಿನ ಅಂಚು ಎಡ ಹ್ಯಾಂಡಲ್‌ಗೆ ಎಷ್ಟು ಹತ್ತಿರ ಬಂತೆಂದರೆ, ಬೆಲ್ಲಿನ ಮುಚ್ಚಳ ಹಾರಿ ರಸ್ತೆಯ ಮಧ್ಯೆ ಉರುಳಿತು. ನಾನು ಬಲಕ್ಕೆ ಬಿದ್ದೆ. ಹಿಂದಿನಿಂದ ಬರುತ್ತಿದ್ದ ನಗರ ಸಾರಿಗೆ ಬಸ್ಸು ನನ್ನ ತಲೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಕಾರಿನಾತ ಕೆಟ್ಟವನಲ್ಲ, ಕೈ ನಡುಗುತ್ತಿತ್ತು, ನೀರು ಕೊಟ್ಟ, ಆಸ್ಪತ್ರೆಗೆ ಬರುವೆನೆಂದ. ನೋಡಲಿಲ್ಲ ಅಷ್ಟೇ. ಅಂದಿನಿಂದ ನಾನು ಕಾರಿನಲ್ಲಿ ಕುಳಿತಾಗ ಬಾಗಿಲನ್ನು ಎಡಗೈಯಿಂದಲೇ ತೆರೆಯುತ್ತೇನೆ. ಬಲಬದಿಯ ಬಾಗಿಲಿಗೆ ಎಡಗೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಚಾಲನೆ ಕಲಿಸುವಾಗ ಹೇಳಿಕೊಡುವ ಅಭ್ಯಾಸವಿದು. ನಮ್ಮ ಡ್ರೈವಿಂಗ್ ಶಾಲೆಗಳು ಎಂಟು ಹಾಕುವುದನ್ನು ಕಲಿಸುತ್ತವೆ. ಬಾಗಿಲು ತೆರೆಯುವುದನ್ನು ಕಲಿಸುವುದಿಲ್ಲ.

ಅಂದು ಆ ಬಸ್ಸು ನಿಂತದ್ದು ನನ್ನ ಪುಣ್ಯ. ಬಸ್ಸು, ಲಾರಿಗಳ ವಿಷಯದಲ್ಲಿ ಸವಾರರು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ನಮ್ಮಲ್ಲಿ ಚಾಲಕ ಬಲಬದಿಯಲ್ಲಿ ಕೂರುತ್ತಾನೆ. ಎತ್ತರದ ಲಾರಿಯ ಎಡ ಮುಂಭಾಗಕ್ಕೆ ತೀರಾ ಹತ್ತಿರವಿರುವ ಸೈಕಲ್ ಅವನ ಕಣ್ಣಿಗೂ ಬೀಳುವುದಿಲ್ಲ, ಕನ್ನಡಿಗೂ ಬೀಳುವುದಿಲ್ಲ. ಲಾರಿ ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ತೆಗೆದುಕೊಂಡ ದಾರಿಯನ್ನು ಹಿಂದಿನ ಚಕ್ರ ಹಿಡಿಯುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಸಿಗ್ನಲ್‌ನಲ್ಲಿ ನಿಂತ ಲಾರಿಯ ಎಡಕ್ಕೆ ನುಸುಳಿದ ಸವಾರ ಸಿಕ್ಕಿಕೊಳ್ಳುವುದು ಆ ಹಿಂಚಕ್ರಕ್ಕೆ. ಐದು ನಿಮಿಷ ತಡವಾದರೂ ಲಾರಿಯ ಹಿಂದೆಯೇ ನಿಲ್ಲಿ ಎಂದು ನನ್ನ ಮಕ್ಕಳಿಗೆ ಹೇಳುವುದನ್ನೇ ಎಲ್ಲರಿಗೂ ಹೇಳುತ್ತೇನೆ. ಬಸ್ ಚಾಲಕರಲ್ಲಿ ಕೈ ಮುಗಿದು ಕೇಳುವುದೊಂದೇ: ಮುಂದೆ ನಿಲ್ದಾಣವಿದ್ದರೆ ಸೈಕಲನ್ನು ಹಿಂದಿಕ್ಕಿ ಎಡಕ್ಕೆ ಎಳೆಯಬೇಡಿ, ಹಿಂದೆಯೇ ಬನ್ನಿ.

ಮಂಡ್ಯದ ಕಡೆ ಹೊರಳಿದರೆ ಕಥೆ ಇನ್ನೂ ಗಂಭೀರ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆರು ಪಥಗಳ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥಗಳ ಸರ್ವಿಸ್ ರಸ್ತೆ. ಅಪಘಾತಗಳು ಹೆಚ್ಚಿದ ಮೇಲೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್, ಸೈಕಲ್, ಎತ್ತಿನ ಗಾಡಿಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ ಬಂತು. ಗಂಟೆಗೆ 100 ಕಿ.ಮೀ. ವೇಗದ ರಸ್ತೆಯಲ್ಲಿ ಸೈಕಲ್ ಇರಬಾರದು. ಈ ನಿರ್ಧಾರವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ನಿಷೇಧಿಸಿದ ಎಲ್ಲವನ್ನೂ ಒಂದೇ ಸರ್ವಿಸ್ ರಸ್ತೆಗೆ ತಳ್ಳಿ, ಅದನ್ನು ಹಾಗೆಯೇ ಬಿಟ್ಟದ್ದು ಸರಿಯಲ್ಲ. ಇಂದು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳ ಶಾಲೆ ಮಕ್ಕಳ ಸೈಕಲ್, ಬೈಕ್‌ಗಳು, ಹಳ್ಳಿ ಬಸ್ಸು, ಟೋಲ್ ತಪ್ಪಿಸಲು ಇಳಿದು ಬಂದ ಕಾರು, ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್, ಎಲ್ಲವೂ ಅಲ್ಲಿವೆ. ಮುಖ್ಯ ರಸ್ತೆಯ ವೇಗಕ್ಕೆ ಹೊಂದಿಕೊಂಡ ಕಾಲು ಸರ್ವಿಸ್ ರಸ್ತೆಗೆ ಇಳಿದ ಕೂಡಲೇ ನಿಧಾನವಾಗುವುದಿಲ್ಲ. ನಿಷೇಧದಿಂದ ತಿಕ್ಕಾಟ ಹೋಗಲಿಲ್ಲ, ಬೇಲಿಯ ಈಚೆಗೆ ಬಂತು.

ಕಬ್ಬಿನ ಸುಗ್ಗಿಯಲ್ಲಿ ಒಂದು ಸಂಜೆ ಅಲ್ಲಿ ನಿಂತು ನೋಡಬೇಕು. ಟ್ರ್ಯಾಕ್ಟರ್‌ನ ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಅಟ್ಟದೆತ್ತರ ಕಬ್ಬು. ಜಲ್ಲೆಗಳ ತುದಿ ಪಕ್ಕಕ್ಕೆ ಎರಡು ಅಡಿ ಚಾಚಿರುತ್ತದೆ, ಹಿಂದೆ ದೀಪವಿಲ್ಲ. ಗೆಜ್ಜಲಗೆರೆಯ ಹತ್ತಿರ ನಾನು ನಿಂತಿದ್ದಾಗ ಇಬ್ಬರು ಹುಡುಗಿಯರು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಒಂದೇ ಸೈಕಲ್‌ನಲ್ಲಿ ಬರುತ್ತಿದ್ದರು. ಟ್ರೇಲರ್ ಸಮೀಪಿಸಿದಾಗ ಮುಂದಿನವಳು ಅಭ್ಯಾಸವಾದಂತೆ ತಲೆ ತಗ್ಗಿಸಿದಳು. ಹಿಂದೆ ಕುಳಿತವಳು ಅವಳ ಬೆನ್ನಿಗೆ ಮುಖ ಒತ್ತಿದಳು. ಕಬ್ಬಿನ ಗರಿ ಇಬ್ಬರ ತಲೆಯ ಮೇಲಿಂದ ಸವರಿಕೊಂಡು ಹೋಯಿತು. ತಲೆಯೆತ್ತಿ ಮತ್ತೆ ಮಾತು ಮುಂದುವರಿಸಿದರು. ಆ ಮಕ್ಕಳು ಇದನ್ನು ಅಭ್ಯಾಸ ಮಾಡಿಕೊಂಡಿದ್ದಾರಲ್ಲ, ಅದು ನನ್ನ ಕರುಳು ಹಿಂಡಿತು.

ಸರ್ಕಾರವೇ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತ್ತು. ಊರಿನಲ್ಲಿ ಪ್ರೌಢಶಾಲೆ ಇಲ್ಲದ ಎಷ್ಟೋ ಹೆಣ್ಣುಮಕ್ಕಳು ಓದು ಬಿಡದಿರಲು ಆ ಸೈಕಲ್ ಕಾರಣವಾಯಿತು. ಕೊವಿಡ್ ಹೊತ್ತಿಗೆ ಹಂಚಿಕೆ ನಿಂತುಹೋಯಿತು. ಅದು ಮತ್ತೆ ಬರಬೇಕೆಂದು ಕೇಳುವವರಲ್ಲಿ ನಾನೂ ಒಬ್ಬ. ಆದರೆ ಸೈಕಲ್ ಜೊತೆಗೆ ಶಾಲೆಯ ತನಕದ ದಾರಿಯನ್ನೂ ಯಾರಾದರೂ ಒಮ್ಮೆ ನೋಡಬೇಕು.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಚಾಲನಾ ನಿಯಮಗಳು 2017ರಲ್ಲಿ ಹೊಸದಾಗಿ ಬಂದವು. ಪಾದಚಾರಿ, ಸೈಕಲ್ ಸವಾರರಂಥ ದುರ್ಬಲರ ಬಗ್ಗೆ ಚಾಲಕ ವಿಶೇಷ ಎಚ್ಚರ ವಹಿಸಬೇಕು ಎಂಬುದು ಅವುಗಳ ಆಶಯ. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಬಿಟ್ಟೇ ಸೈಕಲನ್ನು ಹಿಂದಿಕ್ಕಬೇಕು. ಫ್ರಾನ್ಸ್‌ನಲ್ಲಿ ಊರೊಳಗೆ 1, ಹೊರಗೆ 1.5 ಮೀಟರ್. ಅಂಕಿ ಇದ್ದರೆ ಚಾಲಕನಿಗೆ ಅಂದಾಜು ಸಿಗುತ್ತದೆ, ಪೊಲೀಸರಿಗೆ ಕೇಸು ಹಾಕಲು ಆಧಾರ ಸಿಗುತ್ತದೆ. ನಮಗೆ ಬೇಕಾದದ್ದು ಅದೇ. ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕಿಗಾಗಿ ಒಂದು ಮಸೂದೆಯ ಕರಡನ್ನೇ ಸಿದ್ಧಪಡಿಸಿತ್ತು. ಅದನ್ನು ಕಾಯ್ದೆ ಮಾಡುವಂತೆ ಮೈಸೂರು, ಮಂಡ್ಯದ ಶಾಸಕರು ಒತ್ತಾಯಿಸಬೇಕು.

ಇನ್ನೊಂದು ವಿಷಯವನ್ನು ಹಳ್ಳಿಗಳಲ್ಲಿ ಡಂಗುರ ಸಾರಿ ಹೇಳಬೇಕಾಗಿದೆ. ಸೈಕಲ್‌ಗೆ ವಿಮೆಯಿಲ್ಲ, ಆದ್ದರಿಂದ ಪರಿಹಾರವೂ ಇಲ್ಲ ಎಂದು ತಿಳಿದ ಕುಟುಂಬಗಳನ್ನು ನಾನು ಕಂಡಿದ್ದೇನೆ. ಹಾಗಿಲ್ಲ. ಗುದ್ದಿದ ವಾಹನದ ಕಡ್ಡಾಯ ವಿಮೆ ಇರುವುದೇ ಹೊರಗಿನವರಿಗಾಗಿ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಂತೆ, ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಇದಕ್ಕೆಲ್ಲ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿರಬೇಕು. ಊರ ಹಿರಿಯರು ಕೂತು ಮಾತಾಡಿ, ಹತ್ತು ಸಾವಿರಕ್ಕೆ ಕೈ ತೊಳೆದುಕೊಳ್ಳುವ ರಾಜಿಗೆ ಒಪ್ಪಬಾರದು.

ಸೈಕಲ್ ಪಥ ಬೇಡವೇ ಎಂದು ಕೇಳಬಹುದು. ಬೇಕು, ಹೊಸ ಬಡಾವಣೆಗಳ ಅಗಲ ರಸ್ತೆಗಳಲ್ಲಿ, ಮಾನಸಗಂಗೋತ್ರಿಯ ಸುತ್ತಮುತ್ತ, ಕೈಗಾರಿಕಾ ಪ್ರದೇಶಗಳ ದಾರಿಯಲ್ಲಿ ಖಂಡಿತ ಬೇಕು. ಆದರೆ 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಪಥದ ಗತಿ ನೋಡಿದ್ದೇವೆ. ಕಂಬಗಳು ಮುರಿದವು, ಪಥದಲ್ಲಿ ಬೈಕ್‌ಗಳು ಓಡಿದವು. ಕೋಟಿಗಟ್ಟಲೆಯ ಯೋಜನೆಗೆ ಕಾಯುವ ಬದಲು ಈಗಿರುವ ಅಂಚನ್ನು ಮೊದಲು ಬಿಡಿಸಿಕೊಡುವುದು ನನ್ನ ಬೇಡಿಕೆ. ಪೌರಕಾರ್ಮಿಕರ ಬೆಳಗಿನ ಗುಡಿಸುವಿಕೆಯಲ್ಲಿ ಅಂಚಿನ ಮರಳೂ ಸೇರಲಿ. ಡಾಂಬರು ಹಾಕುವ ಗುತ್ತಿಗೆಯಲ್ಲಿಯೇ ಮ್ಯಾನ್‌ಹೋಲ್ ಮುಚ್ಚಳವನ್ನು ಮಟ್ಟಕ್ಕೆ ಎತ್ತುವ ಷರತ್ತು ಇರಲಿ, ಅಂಚಿನಲ್ಲಿ ಮೆಟ್ಟಿಲಿನಂತೆ ಏಳುವ ಡಾಂಬರನ್ನು ಇಳಿಜಾರು ಮಾಡುವುದೂ ಸೇರಿ. ಸರ್ವಿಸ್ ರಸ್ತೆಯಲ್ಲಿ ಶಾಲೆ ಇರುವ ಕಡೆಯೆಲ್ಲ ಉಬ್ಬು, ಗಂಟೆಗೆ 30 ಕಿ.ಮೀ. ಫಲಕ, ಸಂಜೆ ನಾಲ್ಕರಿಂದ ಐದೂವರೆ ತನಕ ಒಬ್ಬ ಪೊಲೀಸ್ ಪೇದೆ. ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ತೂಕ ನೋಡುವಾಗಲೇ ಟ್ರೇಲರ್ ಹಿಂದೆ ಕೆಂಪು ಪಟ್ಟಿ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ಅಲ್ಲೇ ಅಂಟಿಸಿ ಕಳಿಸಲಿ.

ಹುಣಸೂರು ರಸ್ತೆಯಲ್ಲಿ ಅಳೆಯುತ್ತಿದ್ದಾಗ ಗಸ್ತಿನ ಪೊಲೀಸ್ ಒಬ್ಬರು ಬೈಕ್ ನಿಲ್ಲಿಸಿ, ‘ಏನು ಸರ್, ರಸ್ತೆ ಅಗಲ ಮಾಡುತ್ತಾರಂತಾ?’ ಎಂದು ವಿಚಾರಿಸಿದರು. ಇಲ್ಲ, ಇರುವ ಅಗಲ ಎಷ್ಟೆಂದು ನೋಡುತ್ತಿದ್ದೇನೆ ಎಂದೆ. ಅವರು ಇಳಿದು ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. ಮುಂದಿನ ಇನ್ನೂರು ಮೀಟರ್‌ನಲ್ಲಿ ಇಬ್ಬರೂ ಸೇರಿ ಎಂಟು ಕಡೆ ಅಳೆದೆವು. ಮೂರು ಅಡಿ ಶುದ್ಧ ಅಂಚು ಸಿಕ್ಕಿದ್ದು ಎರಡು ಕಡೆ.